ಟೇಲರ್ ಬೇರೆ, ಟೈಲರ್ ಬೇರೆ: ಕಸುಬಿನ ಹೆಸರೊಂದು ಮಗುವಿನ ಹೆಸರಾದ ಬಗೆ

ಹೆಸರುಗಳ ಅರ್ಥ ಹೇಳುವ ಸಂದೇಶಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರುತ್ತವೆ. 'ನಿಮ್ಮ ಹೆಸರಿನ ಹಿಂದಿನ ರಹಸ್ಯ', 'ಈ ಹೆಸರಿನವರು ಹುಟ್ಟು ನಾಯಕರು', 'ಒಂದು ಅಕ್ಷರ ಸೇರಿಸಿ, ಅದೃಷ್ಟ ಬದಲಿಸಿ' ಎಂಬ ಬಗೆಯವು. ವಿದೇಶಿ ಹೆಸರುಗಳ ಪಟ್ಟಿಗಳಲ್ಲಿ ಟೇಲರ್, ಟೈಲರ್ ಎರಡೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಟೇಲರ್ ಸ್ವಿಫ್ಟ್ ಹಾಡು ಕೇಳುವ ಮಕ್ಕಳು ಮನೆಯಲ್ಲಿದ್ದರೆ 'ಇದೇನು, ಬಟ್ಟೆ ಹೊಲಿಯುವವರ ಹೆಸರಾ?' ಎಂಬ ಪ್ರಶ್ನೆಯೂ ಬಂದಿರಬಹುದು.

ಈ ಒಂದು ಹೆಸರಿನ ಹಾದಿ ಹಿಡಿದು ಹೋದರೆ ಮೂರು ವಿಷಯ ತಿಳಿಯುತ್ತವೆ: ಕಸುಬು ಮನೆತನದ ಹೆಸರಾಗುವುದು ಹೇಗೆ, ಅದೇ ಮುಂದೆ ಮಗುವಿಗೆ ಇಡುವ ಹೆಸರಾಗುವುದು ಹೇಗೆ, ಮತ್ತು ಸ್ಪೆಲಿಂಗ್ ಬದಲಿಸಿದಾಗ ನಿಜಕ್ಕೂ ಏನು ಬದಲಾಗುತ್ತದೆ.

ಒಂದೇ ನೋಟದಲ್ಲಿ

• ಟೇಲರ್ ಎಂಬ ಹೆಸರಿನ ಮೂಲ ಅರ್ಥ 'ಬಟ್ಟೆ ಕತ್ತರಿಸುವವನು', ಅಂದರೆ ದರ್ಜಿ.
• ಟೈಲರ್ ಎಂಬ ಇಂಗ್ಲಿಷ್ ಹೆಸರಿಗೂ ಬಟ್ಟೆಗೂ ಸಂಬಂಧವಿಲ್ಲ. ಅದು ಹೆಂಚು ಮಾಡುವವನ ಅಥವಾ ಹೊದಿಸುವವನ ಹೆಸರು.
• ಟೇಲರ್ ಹೆಸರನ್ನು ಇಂದು ಹತ್ತಾರು ಬಗೆಯಲ್ಲಿ ಬರೆಯುತ್ತಾರೆ. ಅರ್ಥ ಮಾತ್ರ ಒಂದೇ.
• ಸ್ಪೆಲಿಂಗ್ ಬದಲಿಸಿದರೆ ಅದೃಷ್ಟ ಬದಲಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ದಾಖಲೆಗಳಲ್ಲಿ ತೊಡಕು ಬರುವುದಂತೂ ನಿಜ.

ಗೊಂದಲ ಹುಟ್ಟುವುದು ನಮ್ಮ ಬಾಯಲ್ಲೇ

ಕನ್ನಡದಲ್ಲಿ ನಾವು 'ಟೈಲರ್ ಅಂಗಡಿ', 'ಲೇಡೀಸ್ ಟೈಲರ್' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ದರ್ಜಿಗೆ ಇರುವ ಪದದ ಉಚ್ಚಾರಣೆ 'ಟೇಲರ್'. ನಮ್ಮ ಬಾಯಲ್ಲಿ 'ಟೇ' ಎಂಬುದು 'ಟೈ' ಆಗಿದೆ. ಇದು ತಪ್ಪೇನಲ್ಲ, ಬೇರೆ ಭಾಷೆಯಿಂದ ಬಂದ ಪದಗಳು ಹೀಗೆ ರೂಪ ಬದಲಿಸುವುದು ಸಹಜ.

ಆದರೆ ಇಂಗ್ಲಿಷಿನಲ್ಲಿ 'ಟೈಲರ್' ಎಂಬ ಬೇರೆಯೇ ಹೆಸರಿದೆ. ಅದನ್ನು ಕೇಳಿದ ಕನ್ನಡಿಗರಿಗೆ ತಟ್ಟನೆ ನೆನಪಾಗುವುದು ಹೊಲಿಗೆ ಯಂತ್ರ. ಹಾಗಾಗಿ 'ಟೈಲರ್ ಎಂದರೆ ದರ್ಜಿ' ಎಂಬ ಸಾಲನ್ನು ಯಾರೂ ಅನುಮಾನಿಸದೆ ಮುಂದಕ್ಕೆ ಕಳಿಸುತ್ತಾರೆ.

ಅಮೆರಿಕದ ಅಧ್ಯಕ್ಷರ ಪಟ್ಟಿಯಲ್ಲಿ ಎರಡೂ ಹೆಸರುಗಳಿವೆ. 10ನೇ ಅಧ್ಯಕ್ಷ ಜಾನ್ ಟೈಲರ್, 12ನೇ ಅಧ್ಯಕ್ಷ ಜಾಕರಿ ಟೇಲರ್. ಒಬ್ಬರದು ಹೆಂಚಿನ ಹೆಸರು, ಇನ್ನೊಬ್ಬರದು ಕತ್ತರಿಯ ಹೆಸರು.

ಹೊಲಿಯುವವನಲ್ಲ, ಕತ್ತರಿಸುವವನು

ಟೇಲರ್ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಅದರ ಅರ್ಥ 'ಕತ್ತರಿಸುವವನು'. ಅದಕ್ಕೂ ಹಿಂದೆ ಲ್ಯಾಟಿನ್ ಭಾಷೆಯ 'ಟಾಲಿಯಾರೆ', ಅಂದರೆ ಕತ್ತರಿಸು ಎಂಬ ಕ್ರಿಯಾಪದವಿದೆ.

ಹೊಲಿಗೆಗಿಂತ ಕತ್ತರಿಗೆ ಈ ಗೌರವ ಯಾಕೆ? ಬಟ್ಟೆ ಅಂಗಡಿ ನಡೆಸುವವರನ್ನು ಕೇಳಿ, ಕೂಡಲೇ ಹೇಳುತ್ತಾರೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ನಮ್ಮ ಅಂಗಡಿಗಳಲ್ಲೂ ಅಳತೆ ತೆಗೆದು ಬಟ್ಟೆ ಕತ್ತರಿಸುವವರಿಗೆ 'ಕಟಿಂಗ್ ಮಾಸ್ಟರ್' ಎಂಬ ಬೇರೆಯೇ ಸ್ಥಾನವಿದೆ. ಟೇಲರ್ ಪದದ ಮೂಲ ಅರ್ಥಕ್ಕೆ ತೀರಾ ಹತ್ತಿರದ್ದು ಈ ಕಟಿಂಗ್ ಮಾಸ್ಟರ್ ಎಂಬ ಮಾತೇ.

ಇದೇ ಬೇರಿನಿಂದ ಹುಟ್ಟಿದ ಇನ್ನೆರಡು ಪದಗಳನ್ನು ನೀವು ದಿನವೂ ಬಳಸುತ್ತೀರಿ. ಒಂದು 'ರೀಟೇಲ್': ದೊಡ್ಡ ಸರಕನ್ನು ಕತ್ತರಿಸಿ ಚಿಕ್ಕ ಚಿಕ್ಕದಾಗಿ ಮಾರುವುದು. ಇನ್ನೊಂದು 'ಡೀಟೇಲ್ಸ್': ವಿಷಯವನ್ನು ತುಂಡು ತುಂಡಾಗಿ ಬಿಡಿಸಿ ಹೇಳುವುದು.

ಕಸುಬು ಮನೆತನದ ಹೆಸರಾದದ್ದು

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದವರು ಇಂಗ್ಲೆಂಡನ್ನು ಗೆದ್ದರು. ಆಳುವವರ ಮಾತು ಫ್ರೆಂಚ್ ಆಯಿತು. ಪೇಟೆಯ ಎಷ್ಟೋ ಕಸುಬುಗಳಿಗೆ ಫ್ರೆಂಚ್ ಹೆಸರುಗಳು ಬಂದವು. ಹೊಲಿಯುವವರಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಪದ ಹಿಂದೆ ಸರಿದು ಟೇಲರ್ ಮುಂದೆ ಬಂತು.

ಆಗ ಇಂಗ್ಲೆಂಡಿನ ಬಹುಪಾಲು ಜನರಿಗೆ ಒಂದೇ ಹೆಸರು ಇರುತ್ತಿತ್ತು. ಆ ಹೆಸರುಗಳೂ ಕೆಲವೇ: ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್. ಒಂದೇ ಊರಿನಲ್ಲಿ ಹತ್ತು ಜಾನ್‌ಗಳಿದ್ದರೆ ತೆರಿಗೆ ಲೆಕ್ಕ ಬರೆಯುವವನು ಏನು ಮಾಡಬೇಕು? 'ಕಮ್ಮಾರ ಜಾನ್', 'ದರ್ಜಿ ಜಾನ್', 'ಹೊಳೆದಂಡೆಯ ಜಾನ್' ಎಂದು ಬರೆದುಕೊಂಡ. ಮೊದಮೊದಲು ಇದು ಆ ವ್ಯಕ್ತಿಯ ಗುರುತು ಮಾತ್ರ. ಸುಮಾರು 12ರಿಂದ 14ನೇ ಶತಮಾನದ ನಡುವೆ ಈ ಗುರುತು ನಿಧಾನವಾಗಿ ಮಕ್ಕಳಿಗೂ ಅಂಟಿಕೊಂಡಿತು. ಅಪ್ಪ ದರ್ಜಿಯಾಗಿದ್ದು ಮಗ ರೊಟ್ಟಿ ಸುಟ್ಟರೂ ಹೆಸರು ಟೇಲರ್ ಎಂದೇ ಉಳಿಯಿತು.

ನಮಗೆ ಇದು ಹೊಸದೇನಲ್ಲ. ಅದೇ 12ನೇ ಶತಮಾನದ ಕಲ್ಯಾಣದ ಶರಣರ ಹೆಸರುಗಳಲ್ಲೂ ಕಾಯಕವೇ ಮುಂದೆ ನಿಂತಿದೆ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಸೂಜಿಕಾಯಕದ ರಾಮಿತಂದೆ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಡಿಗೇರ, ಕಮ್ಮಾರ, ಪತ್ತಾರ, ಹೂಗಾರ, ಗಾಣಿಗೇರ ಎಂಬ ಅಡ್ಡಹೆಸರುಗಳಿವೆ. ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣನವರ 'ಸಿಂಪಿ' ಕೂಡ ಹೊಲಿಗೆಯವರನ್ನು ಸೂಚಿಸುವ ಪದವೇ. ಒಂದು ರೀತಿಯಲ್ಲಿ ಅದು ಕನ್ನಡದ 'ಟೇಲರ್'.

ದರ್ಜಿಯ ಕಸುಬು ಎಲ್ಲ ಕಡೆಯೂ ಇದ್ದುದರಿಂದ ಹೆಸರೂ ಎಲ್ಲ ಕಡೆ ಇದೆ. ಜರ್ಮನಿಯಲ್ಲಿ ಷ್ನೈಡರ್, ಹಂಗೇರಿಯಲ್ಲಿ ಸಾಬೊ, ಇಟಲಿಯಲ್ಲಿ ಸಾರ್ತೋರಿ, ಅರಬ್ ನಾಡುಗಳಲ್ಲಿ ಖಯ್ಯಾತ್, ಗುಜರಾತಿನಲ್ಲಿ ದರ್ಜಿ. ಇಂಗ್ಲೆಂಡಿನಲ್ಲಿ ಟೇಲರ್ ಇಂದಿಗೂ ಅತಿ ಹೆಚ್ಚು ಜನರಿಗಿರುವ ಮೊದಲ ಹತ್ತು ಅಡ್ಡಹೆಸರುಗಳಲ್ಲಿ ಒಂದು.

ಹೆಂಚಿನ ಟೈಲರ್

ಟೈಲರ್ ಹೆಸರಿನ ಬೇರು ಲ್ಯಾಟಿನ್ನಿನ 'ತೇಗುಲಾ', ಅಂದರೆ ಹೆಂಚು. ನಾವು ನೆಲಕ್ಕೆ ಹಾಕಿಸುವ 'ಟೈಲ್ಸ್' ಕೂಡ ಇದೇ ಪದ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹೆಚ್ಚಿನ ಮನೆಗಳಿಗೆ ಹುಲ್ಲಿನ ಚಾವಣಿ. ಕಿಡಿ ಬಿದ್ದರೆ ಬೀದಿಗೆ ಬೀದಿಯೇ ಸುಟ್ಟುಹೋಗುತ್ತಿತ್ತು. 1212ರ ದೊಡ್ಡ ಬೆಂಕಿಯ ನಂತರ ಲಂಡನ್ನಿನಲ್ಲಿ ಹೊಸ ಮನೆಗಳಿಗೆ ಹುಲ್ಲು ಹೊದಿಸುವುದನ್ನೇ ನಿಷೇಧಿಸಲಾಯಿತು. ಇಂತಹ ಕಟ್ಟಳೆಗಳಿಂದ ಪೇಟೆಗಳಲ್ಲಿ ಹೆಂಚು ಹೊದಿಸುವವರಿಗೆ ಕೆಲಸ ಹೆಚ್ಚಿತು.

ಈ ಹೆಸರಿನ ಅತ್ಯಂತ ಪ್ರಸಿದ್ಧ ವ್ಯಕ್ತಿ ವಾಟ್ ಟೈಲರ್. 1377, 1379 ಮತ್ತು 1381ರಲ್ಲಿ ಇಂಗ್ಲೆಂಡಿನ ಸರಕಾರ ತಲೆಗಂದಾಯ ಹೇರಿತು. ಮೂರನೆಯದಕ್ಕೆ ಜನ ಸಿಡಿದೆದ್ದರು. ಆ ರೈತ ದಂಗೆಯ ಮುಂದಾಳು ವಾಟ್ ಟೈಲರ್. ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ 14 ವರ್ಷದ ದೊರೆ ಎರಡನೇ ರಿಚರ್ಡ್ ಎದುರು ಮಾತುಕತೆಗೆ ಬಂದಿದ್ದಾಗ, 1381ರ ಜೂನ್ 15ರಂದು ಅವನನ್ನು ಕೊಲ್ಲಲಾಯಿತು. ಯಾರ ಕಸುಬು ಏನು, ಯಾರ ಹೆಸರೇನು ಎಂಬುದಕ್ಕೆ ಇತಿಹಾಸಕಾರರು ಇಂದು ನೋಡುವ ಮುಖ್ಯ ದಾಖಲೆಗಳಲ್ಲಿ ಅದೇ ತಲೆಗಂದಾಯದ ಪಟ್ಟಿಗಳೂ ಸೇರಿವೆ.

ಕಸುಬಿಗೆ 'ಐ', ಹೆಸರಿಗೆ 'ವೈ' ಯಾಕೆ?

ದರ್ಜಿ ಎಂಬ ಅರ್ಥದ ಇಂಗ್ಲಿಷ್ ಪದದ ಸ್ಪೆಲಿಂಗ್ ಟಿ-ಎ-ಐ-ಎಲ್-ಓ-ಆರ್. ಹೆಸರಿನ ಸ್ಪೆಲಿಂಗ್ ಟಿ-ಎ-ವೈ-ಎಲ್-ಓ-ಆರ್. ಹಾಗಾದರೆ ಎರಡೂ ಬೇರೆ ಪದಗಳೇ? ಅಲ್ಲ.

ಹಿಂದಿನ ಇಂಗ್ಲಿಷಿನಲ್ಲಿ 'ಐ' ಮತ್ತು 'ವೈ' ಅಕ್ಷರಗಳನ್ನು ಒಂದರ ಬದಲಿಗೆ ಇನ್ನೊಂದು ಬರೆಯುತ್ತಿದ್ದರು. ಸ್ಪೆಲಿಂಗಿಗೆ ಕಟ್ಟುನಿಟ್ಟು ಇರಲಿಲ್ಲ. ಒಬ್ಬನೇ ಗುಮಾಸ್ತ ಒಂದೇ ಹೆಸರನ್ನು ಒಂದೇ ಕಡತದಲ್ಲಿ ಎರಡು ರೀತಿ ಬರೆದರೂ ಯಾರೂ ಕೇಳುತ್ತಿರಲಿಲ್ಲ. ಮುಂದೆ ಮುದ್ರಣ ಮತ್ತು ನಿಘಂಟುಗಳು ಬಂದು ಕಸುಬಿನ ಪದ 'ಐ'ನಲ್ಲಿ ನಿಂತಿತು. ಮನೆತನದ ಹೆಸರು ಮಾತ್ರ ಹಳೆಯ 'ವೈ'ಯನ್ನು ಬಿಡಲಿಲ್ಲ.

ಇದಕ್ಕೆ ಸಾಕ್ಷಿ ಲಂಡನ್ನಿನಲ್ಲೇ ಇದೆ. ಅಲ್ಲಿನ ದರ್ಜಿಗಳ ಹಳೆಯ ಸಂಘ 'ಮರ್ಚೆಂಟ್ ಟೇಲರ್ಸ್ ಕಂಪನಿ'ಗೆ 1327ರಲ್ಲಿ ರಾಜಮುದ್ರೆಯ ಸನ್ನದು ಸಿಕ್ಕಿತು. ಆ ಸಂಘ 1561ರಲ್ಲಿ ಸ್ಥಾಪಿಸಿದ ಶಾಲೆ ಇಂದಿಗೂ ನಡೆಯುತ್ತಿದೆ. ಎರಡರ ಹೆಸರಿನಲ್ಲೂ ಇಂದಿಗೂ ಇರುವುದು 'ವೈ'.

ಮನೆತನದ ಹೆಸರು ಮಗುವಿನ ಹೆಸರಾದದ್ದು

ಅಡ್ಡಹೆಸರನ್ನು ಮಗುವಿಗೆ ಇಡುವುದು ಇಂಗ್ಲೆಂಡಿನ ಸಿರಿವಂತ ಮನೆಗಳಲ್ಲಿ 16ನೇ ಶತಮಾನದಲ್ಲೇ ಇತ್ತು. ತಾಯಿಯ ತವರಿನ ಹೆಸರು ಅಳಿಯಬಾರದೆಂದು ಮಗನಿಗೆ ಅದನ್ನೇ ಇಡುತ್ತಿದ್ದರು. ಲೇಡಿ ಜೇನ್ ಗ್ರೇಯ ಗಂಡ ಗಿಲ್ಫರ್ಡ್ ಡಡ್ಲಿ ಇದಕ್ಕೆ ಉದಾಹರಣೆ. ಗಿಲ್ಫರ್ಡ್ ಎಂಬುದು ಅವನ ತಾಯಿಯ ತವರುಮನೆಯ ಹೆಸರು. ಈ ರೂಢಿ ಅಮೆರಿಕಕ್ಕೂ ಹೋಯಿತು. ಅಲ್ಲಿ ಕ್ರಮೇಣ ಬಂಧುತ್ವದ ನೆಪವೂ ಬೇಡವಾಯಿತು. ಕಿವಿಗೆ ಚೆನ್ನಾಗಿ ಕೇಳಿದರೆ, ಮೆಚ್ಚಿದ ವ್ಯಕ್ತಿಯದಾಗಿದ್ದರೆ ಸಾಕು.

ಟೇಲರ್ ಸ್ವಿಫ್ಟ್ ಹುಟ್ಟಿದ್ದು 1989ರ ಡಿಸೆಂಬರ್ 13ರಂದು. ಹೆತ್ತವರು ಮಗಳಿಗೆ ಗಾಯಕ ಜೇಮ್ಸ್ ಟೇಲರ್ ಅವರ ಹೆಸರಿಟ್ಟರು. ಅವರ ಅಡ್ಡಹೆಸರು ಇವರ ಸ್ವಂತ ಹೆಸರಾಯಿತು. ಹೀಗೆ ಇಂಗ್ಲೆಂಡಿನ ಯಾವುದೋ ಕತ್ತರಿಯಿಂದ ಹೊರಟ ಹೆಸರು ಒಂದು ಹೆಣ್ಣುಮಗುವಿನ ತೊಟ್ಟಿಲಿಗೆ ಬಂತು.

ಮೊದಲು ಈ ಹೆಸರು ಹೆಚ್ಚಾಗಿ ಗಂಡುಮಕ್ಕಳದ್ದು. 1990ರ ಹೊತ್ತಿಗೆ ಅಮೆರಿಕದಲ್ಲಿ ಹೆಣ್ಣುಮಕ್ಕಳ ಕಡೆಗೆ ವಾಲಿತು. ಆ ದಶಕದಲ್ಲಿ ಟೇಲರ್ ಅಲ್ಲಿ ಹೆಣ್ಣುಮಕ್ಕಳ ಮೊದಲ ಹತ್ತು ಹೆಸರುಗಳಲ್ಲಿ ಒಂದಾಯಿತು. ಅದೇ ದಶಕದಲ್ಲಿ ಟೈಲರ್ ಗಂಡುಮಕ್ಕಳ ಮೊದಲ ಹತ್ತರಲ್ಲಿ ಇತ್ತು.

ಹೊಸ ಸ್ಪೆಲಿಂಗ್‌ಗಳು

ಹೆಸರು ಜನಪ್ರಿಯವಾದಂತೆ ಒಂದು ಸಮಸ್ಯೆ ಬರುತ್ತದೆ. ತರಗತಿಯಲ್ಲಿ ನಾಲ್ಕು ಟೇಲರ್‌ಗಳಿದ್ದರೆ ನಮ್ಮ ಮಗು ಬೇರೆಯಾಗಿ ಕಾಣುವುದು ಹೇಗೆ? ಉಚ್ಚಾರಣೆ ಹಾಗೇ ಇರಲಿ, ಬರವಣಿಗೆ ಬೇರೆಯಾಗಲಿ ಎಂದು ಹೆತ್ತವರು ಯೋಚಿಸಿದರು. ಕೊನೆಯ 'ಓ' ಬದಲು 'ಇ' ಅಥವಾ 'ಎ' ಬಂತು. ನಡುವಿನ 'ಎ-ವೈ' ಜಾಗಕ್ಕೆ 'ಎ-ಇ' ಅಥವಾ 'ಇ-ವೈ' ಬಂತು.

ಆಸ್ಟ್ರೇಲಿಯಾದಲ್ಲಿ ಬದಲಾವಣೆ ಇನ್ನೂ ಮುಂದೆ ಹೋಯಿತು. ಅಲ್ಲಿ ಕೊನೆಯ 'ಆರ್' ಅಕ್ಷರವೇ ಬಿದ್ದುಹೋಗಿ ಹೆಸರು 'ಟೇಲಾ' ಆಯಿತು. ಕೆಲವರು ಕೊನೆಗೆ 'ಎ' ಮಾತ್ರ ಬರೆಯುತ್ತಾರೆ, ಕೆಲವರು 'ಎ-ಎಚ್'. ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ್ತಿ ಟೇಲಾ ಹ್ಯಾರಿಸ್ ಹೆಸರು ಈ ರೂಪದ್ದು.

ಇದು ಅಲ್ಲೇ ಹೆಚ್ಚಾಗಿ ಆದದ್ದಕ್ಕೆ ಕಾರಣವಿದೆ. ಅಮೆರಿಕದವರು ಪದದ ಕೊನೆಯ 'ರ್' ಅನ್ನು ಉಚ್ಚರಿಸುತ್ತಾರೆ. ಆಸ್ಟ್ರೇಲಿಯಾದವರು ಮತ್ತು ಇಂಗ್ಲೆಂಡಿನ ಬಹುಪಾಲು ಜನ ಉಚ್ಚರಿಸುವುದಿಲ್ಲ. ಅವರ ಬಾಯಲ್ಲಿ ಟೇಲರ್ ಎಂದರೂ ಟೇಲಾ ಎಂದರೂ ಕೇಳುವುದು ಒಂದೇ. ಅಂದರೆ ಅವರು ಹೊಸ ಹೆಸರು ಹುಟ್ಟಿಸಲಿಲ್ಲ, ಕಿವಿಗೆ ಕೇಳಿದ್ದನ್ನು ಬರೆದರು. ಜೊತೆಗೆ ಸಾರಾ, ಹನ್ನಾ ಹೆಸರುಗಳಂತೆ ಕೊನೆಯಲ್ಲಿ 'ಆ' ಬಂದುದರಿಂದ ಹೆಣ್ಣುಮಗುವಿನ ಹೆಸರು ಎಂಬ ಗುರುತೂ ಸಿಕ್ಕಿತು.

ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದೀಚಿನ ಮಕ್ಕಳ ಹೆಸರುಗಳ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ಪ್ರತಿ ಸ್ಪೆಲಿಂಗನ್ನೂ ಬೇರೆ ಹೆಸರಾಗಿ ಎಣಿಸುತ್ತಾರೆ. ಆದ್ದರಿಂದ 'ಈ ಹೆಸರು ಇಷ್ಟನೇ ಸ್ಥಾನದಲ್ಲಿದೆ' ಎಂಬ ಸುದ್ದಿ ಓದುವಾಗ ಅದು ಒಂದು ಸ್ಪೆಲಿಂಗಿನ ಲೆಕ್ಕ ಮಾತ್ರ ಎಂಬುದು ನೆನಪಿರಲಿ.

ಸ್ಪೆಲಿಂಗ್ ಬದಲಾದರೆ ಅದೃಷ್ಟ ಬದಲಾಗುತ್ತದೆಯೇ?

ಇಲ್ಲಿಂದ ವಿಷಯ ನಮ್ಮ ಮನೆಗೇ ಬರುತ್ತದೆ. ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಮಕ್ಕಳ ಇಂಗ್ಲಿಷ್ ಹೆಸರಿಗೆ ಒಂದು 'ಎ' ಸೇರಿಸುವುದು, ಒಂದು 'ಎಚ್' ತೆಗೆಯುವುದು ಇಲ್ಲೂ ನಡೆಯುತ್ತದೆ. ಇದನ್ನು ಪರೀಕ್ಷಿಸಲು ಪೆನ್ನು, ಕಾಗದ ಸಾಕು.

ಟೇಲರ್ ಹೆಸರನ್ನೇ ತೆಗೆದುಕೊಳ್ಳಿ: ಟಿ-ಎ-ವೈ-ಎಲ್-ಓ-ಆರ್. 'ಪೈಥಾಗೊರಸ್ ಪದ್ಧತಿ' ಎಂದು ಕರೆಯುವ ಕ್ರಮದಲ್ಲಿ ಈ ಅಕ್ಷರಗಳಿಗೆ 2, 1, 7, 3, 6, 9. ಕೂಡಿದರೆ 28. 2 ಮತ್ತು 8 ಕೂಡಿದರೆ 10, ಕೊನೆಗೆ 1. 'ಕ್ಯಾಲ್ಡಿಯನ್ ಪದ್ಧತಿ'ಯಲ್ಲಿ ಅದೇ ಅಕ್ಷರಗಳಿಗೆ 4, 1, 1, 3, 7, 2. ಕೂಡಿದರೆ 18, ಕೊನೆಗೆ 9. ಒಂದೇ ಹೆಸರು, ಒಂದೇ ಸ್ಪೆಲಿಂಗ್. ಒಬ್ಬರ ಪ್ರಕಾರ 1, ಇನ್ನೊಬ್ಬರ ಪ್ರಕಾರ 9. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಯಾವ ಅಳತೆಗೋಲೂ ಇಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಬದಲಿಸಿದ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷಿನಲ್ಲಿ 'ಓ' ಇರಲಿ, 'ಇ' ಇರಲಿ, 'ಎ' ಇರಲಿ, ಕನ್ನಡದಲ್ಲಿ ಅವೆಲ್ಲವೂ 'ಟೇಲರ್'. ಬದಲಾವಣೆ ಎಲ್ಲಿಗೆ ಹೋಯಿತು? ಕನ್ನಡದಲ್ಲಿ ಉಚ್ಚಾರಣೆಗೆ ತಕ್ಕ ಬರಹವಿರುವುದರಿಂದ ಅದು ಕಾಣಿಸುವುದೇ ಇಲ್ಲ. ಕರೆದಾಗ ಮಗು ತಿರುಗಿ ನೋಡುವುದು ದನಿಗೆ, ಸ್ಪೆಲಿಂಗಿಗಲ್ಲ.

ಬದಲಾವಣೆ ಕಾಣಿಸುವ ಜಾಗ ಬೇರೆ: ದಾಖಲೆಗಳು. 2023ರ ಕಾನೂನು ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಆಧಾರ್ ಮೊದಲಾದವಕ್ಕೆ ಹುಟ್ಟಿದ ದಿನಾಂಕ ಮತ್ತು ಸ್ಥಳದ ಆಧಾರ ಜನನ ಪ್ರಮಾಣಪತ್ರವೇ. ಅದರಲ್ಲಿ ಒಂದು ಸ್ಪೆಲಿಂಗ್, ಆಧಾರ್‌ನಲ್ಲಿ ಇನ್ನೊಂದು, ಅಂಕಪಟ್ಟಿಯಲ್ಲಿ ಮತ್ತೊಂದು ಆದರೆ ಪಾಸ್‌ಪೋರ್ಟ್, ವಿಮೆ, ಬ್ಯಾಂಕು ಎಲ್ಲ ಕಡೆ ಅಲೆದಾಟ. ದೊಡ್ಡವರು ಹೆಸರು ಬದಲಿಸಬೇಕಾದರೆ ಸಾಮಾನ್ಯವಾಗಿ ಅಫಿಡವಿಟ್, ಪತ್ರಿಕಾ ಜಾಹೀರಾತು, ಗೆಜೆಟ್ ಪ್ರಕಟಣೆ ಬೇಕಾಗುತ್ತದೆ. ಸ್ಪೆಲಿಂಗ್ ನಿಮ್ಮ ಇಷ್ಟ. ಆದರೆ ಒಂದನ್ನೇ ಆರಿಸಿ, ಎಲ್ಲ ಕಡೆ ಅದನ್ನೇ ಬರೆಯಿರಿ.

ನಿಮ್ಮ ಪ್ರಶ್ನೆಗಳು

ಟೇಲರ್ ಎಂಬ ಹೆಸರಿನವರೆಲ್ಲ ಒಂದೇ ವಂಶದವರೇ?
ಅಲ್ಲ. ಊರೂರಿನಲ್ಲೂ ದರ್ಜಿಗಳಿದ್ದರು, ಹೆಸರು ಸಾವಿರ ಕಡೆ ಬೇರೆ ಬೇರೆಯಾಗಿ ಹುಟ್ಟಿತು. ಅಮೆರಿಕದಲ್ಲಿ ಗುಲಾಮಗಿರಿಗೆ ಸಿಕ್ಕಿದ್ದ ಕುಟುಂಬಗಳಲ್ಲಿ ಎಷ್ಟೋ ಕಡೆ ಒಡೆಯರ ಅಡ್ಡಹೆಸರೇ ಉಳಿದಿದೆ. ಅಂಥವರ ಹೆಸರು ಪೂರ್ವಜರ ಕಸುಬನ್ನು ಹೇಳುವುದೇ ಇಲ್ಲ.

ಕರ್ನಾಟಕಕ್ಕೂ ಈ ಹೆಸರಿಗೂ ನಂಟಿದೆಯೇ?
ಇದೆ. ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲಿನ 'ಟೇಲರ್ ಮಂಜಿಲ್' ಕಟ್ಟಿಸಿದವರು ಫಿಲಿಪ್ ಮೆಡೋಸ್ ಟೇಲರ್ (1808–1876). ಅವರು ಹೈದರಾಬಾದ್ ನಿಜಾಮರ ಸೇನೆಯಲ್ಲಿದ್ದು, ಸುರಪುರದ ಆಡಳಿತ ನೋಡಿಕೊಂಡು, ಕಾದಂಬರಿಗಳನ್ನು ಬರೆದವರು. ಕತ್ತರಿ ಹಿಡಿದವರಲ್ಲ. ಅವರ ನಡುವಿನ ಹೆಸರು ಮೆಡೋಸ್ ಕೂಡ ಮೂಲದಲ್ಲಿ ಅಡ್ಡಹೆಸರೇ, ಹುಲ್ಲುಗಾವಲು ಎಂಬ ಅರ್ಥದ್ದು. ಐಪಿಎಲ್ ನೋಡುವವರಿಗೆ 2008ರಿಂದ 2010ರವರೆಗೆ ಬೆಂಗಳೂರು ತಂಡದಲ್ಲಿದ್ದ ನ್ಯೂಜಿಲೆಂಡಿನ ರಾಸ್ ಟೇಲರ್ ನೆನಪಿರಬಹುದು.

ಇಂತಹ ಬೇರೆ ಹೆಸರುಗಳು ಯಾವುವು?
ಮೇಸನ್ ಎಂದರೆ ಕಲ್ಲುಕುಟಿಗ. ಕೂಪರ್ ಪೀಪಾಯಿ ಮಾಡುವವನು. ಕಾರ್ಟರ್ ಗಾಡಿ ಹೊಡೆಯುವವನು, ಈಗ ಕೆಲವರು ಇದನ್ನು 'ಸಿ' ಬದಲು 'ಕೆ' ಹಾಕಿ ಬರೆಯುತ್ತಾರೆ. ಚಾಂಡ್ಲರ್ ಮೇಣದಬತ್ತಿಯವನು. ಟ್ಯಾನರ್ ಚರ್ಮ ಹದ ಮಾಡುವವನು. ನಮ್ಮಲ್ಲಿ ಪಾರ್ಸಿಗಳ ನಡುವೆ ಇಂಗ್ಲಿಷ್ ಕಸುಬುಗಳೇ ಅಡ್ಡಹೆಸರಾದವು. ಕ್ರಿಕೆಟಿಗರಾದ ನರಿ ಕಾಂಟ್ರಾಕ್ಟರ್, ಫಾರೂಕ್ ಎಂಜಿನಿಯರ್ ಎಲ್ಲರಿಗೂ ಗೊತ್ತು.

ಅಲ್ಲಿ ಚರ್ಮ ಹದ ಮಾಡುವವನ ಹೆಸರನ್ನು ಮಗುವಿಗೆ ಇಡುತ್ತಾರೆ, ಇಲ್ಲಿ ಯಾಕೆ ಹಿಂಜರಿಕೆ?
ಇಂಗ್ಲೆಂಡ್, ಅಮೆರಿಕಗಳಲ್ಲಿ ಹೆಸರಿಗೂ ಕಸುಬಿಗೂ ಇದ್ದ ಕೊಂಡಿ ಶತಮಾನಗಳ ಹಿಂದೆಯೇ ಕಳಚಿತು. ಟ್ಯಾನರ್ ಎಂದರೆ ಯಾರೂ ಅವನ ಅಂತಸ್ತು ಅಳೆಯುವುದಿಲ್ಲ. ನಮ್ಮಲ್ಲಿ ಅಡ್ಡಹೆಸರು ಕೇಳಿದ ಕೂಡಲೇ ಜಾತಿ ಲೆಕ್ಕ ಹಾಕುವವರು ಇನ್ನೂ ಇದ್ದಾರೆ. ಅದಕ್ಕೇ ಕೆಲವರು ಅಡ್ಡಹೆಸರನ್ನು ಬಿಡುತ್ತಾರೆ, ಕೆಲವರು ಬದಲಿಸುತ್ತಾರೆ. ತೊಂದರೆ ಇರುವುದು ಹೆಸರಿನಲ್ಲಲ್ಲ, ಕೇಳುವವರ ಲೆಕ್ಕಾಚಾರದಲ್ಲಿ.

ಫಾರ್ವರ್ಡ್ ಮಾಡುವ ಮುನ್ನ

ಹೆಸರಿನ ಅರ್ಥ ಹೇಳುವ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಹೆಸರು ಯಾವ ಭಾಷೆಯದು ಎಂದು ಹೇಳಿದ್ದಾರೆಯೇ? ಅರ್ಥ ಹೇಳುತ್ತಿದ್ದಾರೆಯೋ, ಸ್ವಭಾವ ಹೇಳುತ್ತಿದ್ದಾರೆಯೋ? ಕೊನೆಯಲ್ಲಿ ಸ್ಪೆಲಿಂಗ್ ಬದಲಿಸಿಕೊಡುತ್ತೇವೆಂದು ಫೋನ್ ನಂಬರ್ ಇದೆಯೇ?

ಟೇಲರ್ ಎಂಬ ಹೆಸರು ಹೇಳುವುದು ಇಷ್ಟೇ: ಎಂದೋ ಒಂದು ಕಾಲದಲ್ಲಿ ಯಾರೋ ಒಬ್ಬರು ಬಟ್ಟೆ ಕತ್ತರಿಸಿ ಬದುಕಿದ್ದರು. ಇಂದು ಆ ಹೆಸರು ಹೊತ್ತ ಮಗು ಮುಂದೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಯಾವ ಸ್ಪೆಲಿಂಗಿನಲ್ಲಿ ಬರೆದರೂ ಹೇಳುವುದಿಲ್ಲ.